ಕುದುರೆ ಬಾಲದ ಕೂದಲು

ನಮ್ಮ ಸೋದರತ್ತೆ ಪದ್ಮವ್ವ ಹೇಳಿದಂತೆ ಕೇಳುವ ಹೆಣ್ಣಲ್ಲ. ಗಂಡ ಸತ್ತಾಗ ಕುರಿ ಮಾರಿ ಸುಮ್ಮನೆ ಮನೆಯಲ್ಲಿರು ಎಂದು ಅನಗವಾಡಿಯ ಹಿರಿಯರೆಲ್ಲ ಬುದ್ಧಿ ಹೇಳಿದರು. ಅವಳು ಇನ್ನಷ್ಟು ಕುರಿ ಕೊಂಡಳು. ಕುರಿಯ ಕಿವಿಗೆ ನರಹುಲಿ ಎದ್ದರೆ ಕೊಯ್ಯುತ್ತಿರಲಿಲ್ಲ. ಕುದುರೆ ಬಾಲದ ಕೂದಲಿನಿಂದ ಬುಡ ಬಿಗಿದು ಕಟ್ಟುತ್ತಿದ್ದಳು. ರಕ್ತ ಸಿಗದೆ ಅದು ಕಪ್ಪಾಗಿ ಒಣಗಿ ಉದುರುತ್ತಿತ್ತು.

ಅಂಥವಳ ಲಿವರಿನಲ್ಲಿ ಕ್ಯಾನ್ಸರ್ ಗಂಟು ಬಂತು. ಅವಳ ಅಣ್ಣ, ಅಂದರೆ ನಮ್ಮಪ್ಪ ಗಿರಮಲ್ಲಪ್ಪ, ಊರಿಗೆಲ್ಲ ಬರೆ ಹಾಕುವವನು. ಹೊಟ್ಟೆಗೆ ಬರೆ ಎಳೆದರೆ ಗಂಟು ಕರಗುತ್ತದೆ ಎಂದು ಕುಡುಗೋಲು ಕಾಯಿಸಿಕೊಂಡೇ ಕೂತ. ಕಾಮಾಲೆಗೆಂದು ಅವನು ಹಾಕಿದ ಬರೆಯ ಗುರುತು ನನ್ನ ಹೊಟ್ಟೆಯ ಮೇಲೂ ಇದೆ. ಅಪ್ಪನಾದರೇನು, ನನಗೆ ಮೈಯೆಲ್ಲ ಉರಿಯಿತು. ಅತ್ತೆಯನ್ನು ಬೆಳಗಾವಿಯ ಆಸ್ಪತ್ರೆಗೆ ಕರೆದೊಯ್ದೆ. ಗೊಣಗುತ್ತ ಅವನೂ ಬಂದ.

ಡಾಕ್ಟರು ಸಮಾಧಾನದಿಂದ ತಿಳಿಸಿ ಹೇಳಿದರು. ಲಿವರಿಗೆ ಎರಡು ಕಡೆಯಿಂದ ರಕ್ತ ಬರುತ್ತದೆ. ಲಿವರು ಬಹುಪಾಲು ಬದುಕುವುದು ಕರುಳಿನ ಕಡೆಯಿಂದ ಬರುವ ದೊಡ್ಡ ನಾಳದ ಮೇಲೆ; ಗಂಟು ಬೆಳೆಯುವುದು ಹೃದಯದ ಕಡೆಯಿಂದ ಬರುವ ನಾಳದ ರಕ್ತ ಹೀರಿ. ತೊಡೆಯ ಸಂದಿಯಿಂದ ಸಣ್ಣ ನಳಿಗೆ ಹಾಯಿಸಿ, ಗಂಟಿಗೆ ಹೋಗುವ ಕವಲಿಗೆ ಔಷಧಿ ಬಿಟ್ಟು ಅದನ್ನು ಮುಚ್ಚುತ್ತೇವೆ. ಹಾಗೇ ಬಿಟ್ಟರೆ ರಕ್ತದ ಜೊತೆ ರೋಗ ಶ್ವಾಸಕೋಶಕ್ಕೂ ಹರಡಬಹುದು ಎಂದರು.

ರಕ್ತ ನಿಲ್ಲಿಸಿದರೆ ತಂಗಿ ಉಳಿದಾಳೆಯೇ ಎಂದು ಅಪ್ಪ ಸಿಡುಕಿದ.

"ನರಹುಲಿ ಕಟ್ಟಿದ್ರ ಕುರಿ ಸಾಯ್ತಿತ್ತೇನಣ್ಣಾ?" ಅಂದಳು ಅತ್ತೆ. "ಕಟ್ರಿ ಡಾಕ್ಟರ್."

ಮುಚ್ಚಿದರು. ಜ್ವರ, ನೋವು, ವಾಂತಿ ಎಲ್ಲ ಆಯಿತು. ಹಲ್ಲು ಕಚ್ಚಿ ಸಹಿಸಿದಳು. ಮುಂದಿನ ಸ್ಕ್ಯಾನಿನಲ್ಲಿ ಗಂಟು ಕುಗ್ಗಿತ್ತು. ಆದರೆ ಹಾಳಾದ್ದು, ಒಂದು ಅಂಚಿನಲ್ಲಿ ಹೊಸ ರಕ್ತನಾಳ ಮೂಡಿಸಿಕೊಂಡು ಮತ್ತೆ ಉಣ್ಣತೊಡಗಿತ್ತು. ಇನ್ನೊಮ್ಮೆ ಮುಚ್ಚಬೇಕೆಂದರು.

ಊರಿಗೆ ಬಂದದ್ದೇ ಅಪ್ಪ ಒಲೆ ಹೊತ್ತಿಸಿ ಕುಡುಗೋಲು ಇಟ್ಟ. ತಾನು ಮೊದಲೇ ಬಡಕೊಂಡರೂ ಯಾರೂ ಕೇಳಲಿಲ್ಲ ಎನ್ನುತ್ತಿದ್ದ. ಇರುವವಳು ಒಬ್ಬಳೇ ತಂಗಿ, ಹೆದರಿದ್ದ.

ಅತ್ತೆ ಎದ್ದು ಒಲೆಗೆ ತಂಬಿಗೆ ನೀರು ಸುರಿದಳು.

"ಕೂದಲಾ ಸಡಿಲಾದ್ರ ಏನ್ ಮಾಡ್ತಿದ್ವಿ? ಮತ್ತ ಬಿಗೀತಿದ್ವಿ. ಅದು ಎಷ್ಟ ದಾರಿ ಹುಡುಕತೈತೋ ಅಷ್ಟೂ ಕಟ್ಟಸ್ತೀನಿ. ನಾ ಬದುಕೂದು ಅದಕ್ಕ ಬ್ಯಾಡಂದ್ರ, ಅದು ಬದುಕೂದು ನನಗೂ ಬ್ಯಾಡ."

ಮರುದಿನ ನಾವು ಬೆಳಗಾವಿ ಬಸ್ ಹತ್ತುವಷ್ಟರಲ್ಲಿ ಅಪ್ಪ, ಕಿಟಕಿ ಪಕ್ಕದ ಸೀಟಿಗೆ ಟವೆಲ್ ಹಾಸಿ, ತಂಗಿಗಾಗಿ ಕಾಯುತ್ತ ಕೂತಿದ್ದ.