ಕೊಲೋನ್‌ನಲ್ಲಿ ಹೆಚ್ಚಿಗೆ ಒಂದು ಭಾನುವಾರ

೨೦೧೫ರ ಅಕ್ಟೋಬರ್ ೮, ಗುರುವಾರ. ಬೆಳಗ್ಗೆ ಅಬುಧಾಬಿ ಬಿಟ್ಟ ನಾನೂ ಪಪ್ಪನೂ ಏಳು ಗಂಟೆ ಹಾರಿ ಫ್ರಾಂಕ್‌ಫರ್ಟ್‌ನಲ್ಲಿ ಇಳಿದೆವು. ಅಲ್ಲಿಂದ ಕೊಲೋನ್‌ಗೆ ವೇಗದ ರೈಲಿನಲ್ಲಿ ಒಂದು ತಾಸು. ಹೊರಡುವಾಗ ಮೂವತ್ತನಾಲ್ಕು ಡಿಗ್ರಿ, ಇಳಿದಾಗ ಹನ್ನೊಂದು. ನಿಲ್ದಾಣದಿಂದ ಹೊರಬಿದ್ದರೆ ಎದುರಿಗೇ ಕೆಥೆಡ್ರಲ್‌ನ ಎರಡು ಕಪ್ಪು ಗೋಪುರಗಳು.

ಈ ಪ್ರಯಾಣ ಪಪ್ಪನಿಗಾಗಿ. ಅಬುಧಾಬಿಯ ರುವೈಸ್‌ನ ತೈಲ ಘಟಕದಲ್ಲಿ ಟೆಕ್ನಿಶಿಯನ್ ಆಗಿರುವ ಅವರು ಅಲ್ಲಿನ ಇಗರ್ಜಿಯಲ್ಲಿ ಇಪ್ಪತ್ತೆರಡು ವರ್ಷ ಕೀಬೋರ್ಡ್ ನುಡಿಸಿದ್ದಾರೆ. ಡಿಸೆಂಬರಿನಲ್ಲಿ ನಿವೃತ್ತರಾಗಿ ಮಂಗಳೂರಿಗೆ ಹೊರಡುವ ಮೊದಲು, ಇಂಥ ಕೆಥೆಡ್ರಲ್‌ನ ಪೂಜೆಯಲ್ಲಿ ಕೊಳವೆಗಳ ದೊಡ್ಡ ಆರ್ಗನ್ ಒಮ್ಮೆ ಕೇಳಬೇಕೆಂಬುದು ಅವರ ಆಸೆ. ಪಟ್ಟಿ ಮಾಡಿದವಳು ನಾನು: ಶುಕ್ರವಾರ ಪೂಜೆ, ಶನಿವಾರ ಮಧ್ಯಾಹ್ನ ವಿಮಾನ, ಭಾನುವಾರ ಎಂಟಕ್ಕೆ ಆಫೀಸು.

ಶುಕ್ರವಾರ ಪಪ್ಪ ಟೈ ಕಟ್ಟಿ ಅರ್ಧ ಗಂಟೆ ಮೊದಲೇ ಹೊರಟರು. ಒಳಗೆ ಪೀಠದ ಹಿಂದೆ, ಬಾಲಯೇಸುವನ್ನು ಕಾಣಲು ಬಂದ ಮೂವರು ರಾಯರ ಅಸ್ಥಿಗಳಿರುವ ಚಿನ್ನದ ಪೆಟ್ಟಿಗೆ, ಸುತ್ತ ಕ್ಯಾಮೆರಾ ಹಿಡಿದವರು. ಪೂಜೆಗೆ ಬಂದವರನ್ನು ಎಣಿಸಿದೆ: ಇಪ್ಪತ್ತಾರು. ಹಾಡಿಲ್ಲ, ಆರ್ಗನ್ ಇಲ್ಲ. ಕೆಂಪು ನಿಲುವಂಗಿಯ ಕಾವಲುಗಾರರನ್ನು ಕೇಳಿದೆ.

"ದೊಡ್ಡ ಪೂಜೆ ಭಾನುವಾರ ಹತ್ತಕ್ಕೆ. ಇವತ್ತು ಶುಕ್ರವಾರವಲ್ಲವೇ?" ಎಂದರು ಅವರು, ಇಂಗ್ಲಿಷಿನಲ್ಲಿ.

ಗಲ್ಫಿನಲ್ಲಿ ಭಾನುವಾರ ಕೆಲಸದ ದಿನ; ಭಾನುವಾರದ ಪೂಜೆಗೂ ನಾವು ಶುಕ್ರವಾರವೇ ಹೋಗುತ್ತೇವೆ. ಅಲ್ಲೇ ಹುಟ್ಟಿದ ನನಗೆ ಬೇರೆ ಕಡೆ ಹಾಗಲ್ಲವೆಂಬುದು ಹೊಳೆದೇ ಇರಲಿಲ್ಲ.

"ಪಟ್ಟಿ ಮಾಡಿದ್ದೇ ಮಾಡಿದ್ದು ಮಾರಾಯ್ತಿ!" ಎಂದು ಪಪ್ಪ ನಕ್ಕರು. "ಹೋಗಲಿ ಬಿಡು. ಗೋಪುರ ಹತ್ತುವ." ಐನೂರ ಮೂವತ್ತಮೂರು ಮೆಟ್ಟಿಲು. ಏಳು ಕಡೆ ನಿಂತರು. ಮೇಲೆ ಗಾಳಿಯಲ್ಲಿ ರೈನ್ ನದಿಯನ್ನು ನೋಡುತ್ತಾ ಟೈ ಬಿಚ್ಚಿ ಜೇಬಿಗೆ ಹಾಕಿದರು. ನಾನು ಅಲ್ಲಿಂದಲೇ ಮ್ಯಾನೇಜರ್ ಹಮೀದಾಕನಿಗೆ ಫೋನ್ ಮಾಡಿದೆ.

"ಭಾನುವಾರ ರಜೆಯಾ? ಆವತ್ತು ಮೀನಾ ಬಂದರಿನಲ್ಲಿ ನಮ್ಮ ಎರಡು ಕಂಟೇನರ್ ಉಂಟು, ಗೊತ್ತುಂಟಲ್ಲ?"

"ಗೊತ್ತುಂಟು, ಹಮೀದಾಕ. ಪಪ್ಪನಿಗೆ ಆರ್ಗನ್ ಕೇಳಿಸಬೇಕಿತ್ತು."

"ಐದು ವರ್ಷದಲ್ಲಿ ಐದು ನಿಮಿಷ ಲೇಟಾದವಳಲ್ಲ, ಈಗ ಬಾಜಾ ಕೇಳಲಿಕ್ಕೆ ರಜೆ!" ಆಚೆ ಕಾಗದ ಮಗುಚಿದ ಸದ್ದು. "ಕಂಟೇನರಿನ ಕಾಗದ ನಾನೇ ಮಾಡ್ತೇನೆ. ಸೋಮವಾರ ಬಾರದಿದ್ದರೆ ಖಲಾಸ್."

ಟಿಕೆಟ್ ಬದಲಾಯಿಸಿದೆವು. ಶನಿವಾರ ಮಳೆ. ನದಿದಂಡೆಯ ಅಂಗಡಿಯಲ್ಲಿ ಆಲೂಗಡ್ಡೆ ದೋಸೆಗೆ ಸೇಬಿನ ಗೊಜ್ಜು ಹಚ್ಚಿ ಕೊಟ್ಟರು; "ಚಟ್ನಿ ಎಲ್ಲಿ?" ಎಂದರು ಪಪ್ಪ, ಆದರೂ ಮೂರು ತಿಂದರು. ವಾಹನವೇ ಇಲ್ಲದ ರಸ್ತೆಯಲ್ಲೂ ಜನ ಹಸಿರು ದೀಪಕ್ಕೆ ಕಾಯುತ್ತಿದ್ದರು. ನಾವೂ ನಿಂತೆವು.

ಭಾನುವಾರ ಬೆಂಚುಗಳು ತುಂಬಿ ಜನ ಕಂಬಗಳ ಬಳಿ ನಿಂತಿದ್ದರು, ಎಣಿಕೆ ಬಿಟ್ಟುಬಿಟ್ಟೆ. ಆರ್ಗನ್ ಶುರುವಾದಾಗ ಕೂತ ಹಲಗೆಯೇ ನಡುಗಿತು. ಪಪ್ಪ ನನ್ನ ಮುಂಗೈ ಹಿಡಿದರು. ಕೊನೆಯ ಸ್ವರ ಆರುವವರೆಗೂ ಬಿಡಲಿಲ್ಲ.

ಹಿಂದಿರುಗುವ ರೈಲು ನಿಲ್ದಾಣ ಬಿಟ್ಟೊಡನೆ ಸೇತುವೆಗೆ ಬಂತು. ಕಿಟಕಿಯಲ್ಲಿ ಗೋಪುರಗಳು ಹಿಂದೆ ಸರಿಯುತ್ತಿದ್ದವು.

"ಪಪ್ಪ, ನೋಡಿ, ಕೊನೆಯ ಸಲ."

ಅವರು ಕಣ್ಣು ಮುಚ್ಚಿದ್ದರು. ಹತ್ತೂ ಬೆರಳು ಮೊಣಕಾಲಿನ ಮೇಲೆ ಓಡುತ್ತಿದ್ದವು.

"ಸ್ವಲ್ಪ ಇರು ಮಗಾ," ಎಂದರು. "ಇನ್ನೂ ಮುಗಿಯಲಿಲ್ಲ."