ಅತ್ತೆ ಬಿದ್ದದ್ದು ಊರಿಗೆಲ್ಲ ಗೊತ್ತಿತ್ತು

ತಡೀರಿ, ಪುಟ ತಿರುವಬೇಡಿ. ಈ ಎರಡು ಕೈಗಳನ್ನು ನೋಡಿಯೇ ಮುಂದೆ ಹೋಗಿ. ಬಲಗೈಯ ಹೆಬ್ಬೆರಳು ಚಪ್ಪಟೆಯಾಗಿದೆ, ಕಲ್ಲಿಗೆ ತಿಕ್ಕಿದ ಹುಣಸೆ ಬೀಜದಷ್ಟು ನುಣುಪು. ಅಂಗೈಯಲ್ಲಿ ಗೆರೆಗಳೆಲ್ಲ ಸವೆದು ಹೋಗಿವೆ. ಎಡ ಮಣಿಕಟ್ಟಿನಲ್ಲಿ ಎಲುಬು ಒಂದು ಬದಿಗೆ ಉಬ್ಬಿ, ಚರ್ಮದ ಕೆಳಗೆ ಯಾರೋ ಕಡಲೆಕಾಳು ಸೇರಿಸಿಟ್ಟಂತೆ ಕಾಣುತ್ತದೆ. ಅದರ ಮೇಲೆ ಮೊಣಕೈವರೆಗೆ ಹಸಿರು ಬಳೆ. ಇವು ನನ್ನ ಅತ್ತೆಯ ಕೈಗಳು. ಇಷ್ಟು ಹೊಟ್ಟೆಕಿಚ್ಚು ನಾನು ಯಾರ ಬಂಗಾರದ ಮೇಲೂ ಪಟ್ಟಿಲ್ಲ, ಯಾರ ಮಕ್ಕಳ ಮೇಲೂ ಪಟ್ಟಿಲ್ಲ.

ಭಾಲ್ಕಿಯಲ್ಲಿ ನಮ್ಮದು ಬಳೆಗಾರರ ಮನೆ. ನಿಜಾಮರ ಸರಕಾರದ ದಿನಗಳು. ಹೈದರಾಬಾದಿನಿಂದ ಬೀದರಿಗೆ, ಬೀದರಿನಿಂದ ಎತ್ತಿನ ಗಾಡಿಯಲ್ಲಿ ನಮ್ಮ ಮನೆಗೆ ಬಳೆ ಬರುತ್ತಿದ್ದವು. ಮಾವ ಅಂಗಡಿಯಲ್ಲಿ ಕೂಡುತ್ತಿದ್ದರು, ಗಂಡ ಮಾಲು ತರುತ್ತಿದ್ದರು. ಬಳೆಗಳನ್ನು ಹಗ್ಗಕ್ಕೆ ಪೋಣಿಸಿದ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಮನೆ ಮನೆಗೆ ಹೋಗಿ ಇಡಿಸುವ ಕೆಲಸ ಅತ್ತೆಯದು. ಭಾಲ್ಕಿಯ ಓಣಿಗಳು ಮುಗಿದರೆ ಬೀದರ, ಬೀದರ ಮುಗಿದರೆ ಔರಾದಿನ ಸಂತೆ.

ನಾನು ಔರಾದ ಕಡೆಯ ಡಾಬಕಾದವಳು. ಬಂದಾಗ ಒಂದಕ್ಷರ ಬರುತ್ತಿರಲಿಲ್ಲ. ಮಾವ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ವಚನದ ಕಟ್ಟು ಬಿಚ್ಚಿ ಗಟ್ಟಿಯಾಗಿ ಓದುತ್ತಿದ್ದರು. ವಚನಗಳು ನನಗೆ ಬಾಯಿಪಾಠ. ಅವರ ಬೆನ್ನ ಹಿಂದೆ ಕಸ ಗುಡಿಸುತ್ತ ಇಣುಕಿ, ಯಾವ ಮಾತಿಗೆ ಯಾವ ಅಕ್ಷರ ಎಂದು ಹೊಂದಿಸಿಕೊಂಡು ಓದಲು ಕಲಿತೆ. ಬಳೆ ಇಡಿಸುವುದನ್ನೂ ಹೀಗೆಯೇ ಇಣುಕಿ ಕಲಿಯಬಹುದು ಎಂದುಕೊಂಡಿದ್ದೆ. ಅಲ್ಲೇ ನಾನು ಸೋತದ್ದು.

ಯಾಕೆಂದರೆ ನನಗೆ ಯಾರೂ ಕೈ ಕೊಡುತ್ತಿರಲಿಲ್ಲ. ಔರಾದಿನಲ್ಲಿ ಗಾಣದ ಮನೆಯ ಮುದುಕಿಯೊಬ್ಬರಿದ್ದರು, ಎಲ್ಲರೂ ಅವರನ್ನು ಆಯಿ ಎನ್ನುತ್ತಿದ್ದರು. ಮೊದಲ ಸಲ ಅವರ ಮುಂದೆ ನಾನು ಕೂತೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ಏ ಪೋರಿ, ನೀ ಸರಿ ಅತ್ತಾಗ. ನಿನ್ನ ಕೈ ಅಂದ್ರ ಹಸೀ ಕಟಗಿ ಇದ್ದಂಗ ಅದ. ನಿಮ್ಮತ್ತಿ ಇಡಸ್ಲಿ."

"ಕಲೀತಾಳ ಬಿಡು ಆಯಿ, ಗಡಬಡಿ ಏನದ?" ಎಂದು ನಗುತ್ತ ಅತ್ತೆ ಆ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಕಲೀತಾಳಂತೆ! ಕೈಯೇ ಸಿಗದೆ ಕಲಿಯುವುದು ಹೇಗೆ?

ಅತ್ತೆ ಮೊದಲು ಬಳೆ ಮುಟ್ಟುತ್ತಿರಲಿಲ್ಲ. ಬೆರಳಿನ ಗೆಣ್ಣು ಗೆಣ್ಣುಗಳನ್ನು ಒತ್ತುತ್ತ, "ಕೈ ಸಡಲ ಬಿಡು ನಮ್ಮವ್ವ. ಈಗ ಇದು ನಿಂದಲ್ಲ, ನಂದು" ಎನ್ನುತ್ತಿದ್ದಳು. ಎಂಥ ಗಂಟುಬಿದ್ದ ಮುದಿ ಕೈಯೂ ಹಿಟ್ಟಿನ ಮುದ್ದೆಯಾಗುತ್ತಿತ್ತು. ಆಮೇಲೆ ಇಬ್ಬರದೂ ಪಿಸುಮಾತು ಶುರು. ನಾನು ಹತ್ತಿರ ಸರಿದರೆ ನಿಂತುಬಿಡುತ್ತಿತ್ತು. "ಆ ಕೆಂಪು ಜೋಡಿ ತಗೊಂಡ ಬಾ ಹೋಗು" ಎಂದು ನನ್ನನ್ನು ಅಟ್ಟುತ್ತಿದ್ದಳು. ಏನು ಮಾತಾಡುತ್ತಾರೆ? ನನ್ನ ಬಗ್ಗೆಯೇ ಇರಬೇಕು ಎಂದು ನಾನು ಕೆಂಪು ಜೋಡಿ ಹುಡುಕುತ್ತ ಕುದಿಯುತ್ತಿದ್ದೆ.

ಇದರ ಮೇಲೆ ಇನ್ನೊಂದು ಉರಿ. ಅತ್ತೆಯ ಎಡಗೈಯಲ್ಲಿ ಆಗಾಗ ಹೊಸ ಬಳೆ ಹೊಳೆಯುತ್ತಿದ್ದವು. ಹಬ್ಬವಿಲ್ಲ, ಮದುವೆಯಿಲ್ಲ. ನಿನ್ನೆ ಮಾಸಿದ ಹಸಿರು, ಇವತ್ತು ಮಿರಿಮಿರಿ ಹಸಿರು, ಅದೂ ಹೈದರಾಬಾದಿನ ಒಳ್ಳೆಯ ಮಾಲು. ನನ್ನ ಕೈಯಲ್ಲಿ ಮದುವೆಯ ಬಳೆಗಳೇ ಬಣ್ಣ ಕಳೆದುಕೊಂಡು ಕೂತಿದ್ದವು.

"ನಿಮ್ಮವ್ವಗ ದಿನಾ ಹಬ್ಬ ಏನ್ರಿ?" ಎಂದು ಗಂಡನನ್ನು ಕೇಳಿದೆ.

"ಬಳಿಗಾರ್ರ ಮನ್ಯಾಗ ಇದ್ದು ಬಳಿಗಿ ಅಳ್ಲತ್ತಿದಿಯಲ್ಲ, ಊರು ನಗ್ತದ ನೋಡು," ಎಂದು ಅವರೇ ನಕ್ಕರು.

ತಡೆಯದೆ ಅತ್ತೆಯನ್ನೇ ಕೇಳಿದೆ. ಅವಳು ಗೋಡೆ ಹಿಡಿದುಕೊಂಡು ಮೆಲ್ಲಗೆ ಕೂತಳು. "ಯಾಕ, ನಾ ಹಾಕ್ಕೋಬಾರ್ದೇನ? ಮುದುಕಿ ಆದ್ರ ಆಸಿ ಸಾಯ್ತದೇನ?" ಗೋಡೆ ಹಿಡಿದದ್ದು ನನ್ನ ಕಣ್ಣಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ಮನಸ್ಸೆಲ್ಲ ಆ ಹೊಸ ಬಳೆಗಳ ಮೇಲೆ.

ನಮ್ಮಲ್ಲಿ ಮುತ್ತೈದೆಯ ಬಳೆ ಒಡೆಯಿತು ಎನ್ನುವುದಿಲ್ಲ, ಹೆಚ್ಚಿತು ಎನ್ನುತ್ತೇವೆ. ಒಡೆದರೆ ಗಂಡನಿಗೆ ಕೇಡು ಎಂಬ ಅಂಜಿಕೆ. ಚೂರುಗಳನ್ನು ಯಾರೂ ನೋಡದ ಹಾಗೆ ಬಳಿದು ಹಾಕಿ, ಮೊದಲು ಹೊಸ ಬಳೆ ಇಟ್ಟುಕೊಂಡು ಆಮೇಲೆ ಗಂಡನ ಮುಂದೆ ಬರಬೇಕು. ಬೇರೆ ಹೆಂಗಸರಿಗೆ ಅದಕ್ಕೂ ಬಳೆಗಾರ್ತಿ ಬೇಕು. ಬಳೆಗಾರ್ತಿಗೆ ಯಾರೂ ಬೇಕಿಲ್ಲ, ಮಾಲು ಮನೆಯಲ್ಲೇ ಇದೆ.

ಆ ಚಳಿಗಾಲ ಔರಾದಿನ ಸಂತೆಗೆ ಹೋದೆವು. ಗಾಣದ ಮನೆಯ ಕರಿಕಲ್ಲಿನ ಹೊಸ್ತಿಲು ಎತ್ತರ. ವರ್ಷಗಟ್ಟಲೆ ಎಣ್ಣೆಯ ಕಾಲುಗಳು ತುಳಿದು ಅದು ಕನ್ನಡಿಯಂತಾಗಿತ್ತು.

"ಮಲಾರ ಕೊಡ್ರಿ ಅತ್ತಿ, ನಾ ಹೊರ್ತೇನಿ," ಎಂದೆ.

"ಯಾಕ, ನನ್ನ ಹೆಗಲಿಗೇನಾಗ್ಯಾದ?"

ಅಷ್ಟೇ. ಒಂದು ಕಾಲು ಒಳಗಿಟ್ಟಳು, ಹೊಸ್ತಿಲ ಮೇಲಿದ್ದ ಕಾಲು ಜಾರಿತು. ಬೀಳುವಾಗ ಎಡಗೈಯಲ್ಲಿ ಮಲಾರವನ್ನು ಮೇಲೆತ್ತಿ ಹಿಡಿದಳು, ಬಲ ಮಗ್ಗುಲು ಪೂರಾ ಕಲ್ಲಿಗೆ ಬಡಿಯಿತು. ಒಣ ತೊಗರಿ ಕಟ್ಟಿಗೆ ಮುರಿದಂಥ ಸದ್ದು. ನಾನು ಓಡಿ ಹೋದರೆ ಅವಳು ಕಾಲನ್ನು ನೋಡುತ್ತಿಲ್ಲ, ಬಳೆ ನೋಡುತ್ತಿದ್ದಾಳೆ. ಮೊದಲು ಕೈಯವು, ಆಮೇಲೆ ಮಲಾರದವು.

"ಒಂದೂ ಹೆಚ್ಚಿಲ್ಲ ನೋಡು," ಎಂದು ನಕ್ಕಳು. "ನಿಮ್ಮಾವ್ರಿಗಿ ಏನೂ ಆಗಂಗಿಲ್ಲ."

ಅವಳ ಬಲ ಪಾದ ಹೊರಕ್ಕೆ ತಿರುಗಿ, ಬೇರೆ ಯಾರದೋ ಪಾದವನ್ನು ತಂದಿಟ್ಟಂತೆ ನೆಲಕ್ಕೆ ಒರಗಿತ್ತು.

ಆಯಿ ಒಳಗಿನಿಂದ ಬಂದು ಎದೆ ಬಡಿದುಕೊಂಡರು. "ಶಿವನೇ! ಮತ್ತ ಬಿದ್ದಿಯೇನ?"

"ಮತ್ತ ಅಂದ್ರ?" ಎಂದೆ.

"ನಿನಗ ಗೊತ್ತಿಲ್ಲೇನ? ಆ ಎಡಗೈ ಎಲುಬು ಮುರ್ಕೊಂಡಿದ್ದು ಬೀದರದಾಗ ಗಾಡಿ ಇಳಿಯಾಗ, ನೀ ಬರೋಕ್ಕಿಂತ ಮೊದ್ಲು. ಮನ್ಯಾಗ ಬರೇ ಉಳುಕ್ಯಾದಂತ ಹೇಳಿದ್ಳು. ಹೋದ ಶ್ರಾವಣದಾಗ ನಿಮ್ಮ ಬಾವಿ ಕಟ್ಟಿ ಮ್ಯಾಲ. ದೀಪಾವಳಿಗಿ ನಿಮ್ಮ ದನದ ಕೊಟ್ಟಿಗ್ಯಾಗ. ಒಂದೇ ಮನ್ಯಾಗ ಇರ್ತಿ, ಎಂಥಾ ಸೊಸಿ ಇದ್ದಿ ನೀ?"

ಅತ್ತೆಯ ಕಾಲು ಮುರಿದು ಬಿದ್ದಿದೆ, ನನಗೆ ಉರಿದದ್ದು ಬೇರೆಯೇ. ನಮ್ಮ ಬಾವಿ, ನಮ್ಮ ಕೊಟ್ಟಿಗೆ! ಅಲ್ಲಿ ಬಿದ್ದದ್ದು ಔರಾದಿನ ಈ ಮುದುಕಿಗೆ ಗೊತ್ತು, ನನಗೆ ಗೊತ್ತಿಲ್ಲ. ಹೊಸ ಬಳೆಯ ಒಂದೊಂದು ಸರದಿಯೂ ಒಂದೊಂದು ಸಲ ಬಿದ್ದ ಗುರುತು. ಅದನ್ನು ನಾನು ಶೋಕಿ ಅಂದುಕೊಂಡಿದ್ದೆ.

ಗಾಡಿಯಲ್ಲಿ ಹೊಟ್ಟಿನ ಚೀಲಗಳ ನಡುವೆ ಅವಳ ಕಾಲು ಇಟ್ಟು, ಜನವಾಡ ದಾಟಿ, ಬೀದರಿನ ಚಿದ್ರಿ ಕಡೆ ಎಲುಬು ಕಟ್ಟುವ ಒಬ್ಬ ಪೈಲ್ವಾನರ ಹತ್ತಿರ ಕರೆದುಕೊಂಡು ಹೋದೆವು. ಸುದ್ದಿ ಮುಟ್ಟಿ ಮಾವನೂ ಭಾಲ್ಕಿಯಿಂದ ಬಂದಿದ್ದರು. ಪೈಲ್ವಾನರು ಪಾದ ನೋಡಿದರು, ತೊಡೆ ಮುಟ್ಟಿದರು, ಎಡ ಮಣಿಕಟ್ಟಿನ ಉಬ್ಬನ್ನು ಬೆರಳಿನಿಂದ ಸವರಿದರು.

"ಅಮ್ಮಾ, ಇದಕ್ಕಿಂತ ಪೈಲೇ ಯಾವಾಗರ ಬಿದ್ದಿದ್ರೇನ್ರಿ?"

"ಇಲ್ಲರಿ ಸಾಬ್," ಮಾವ ಎದೆಯುಬ್ಬಿಸಿ ಹೇಳಿದರು. "ಆಕಿ ಕಲ್ಲಿದ್ದಂಗ ಅದಾಳ."

"ಮೂರು ಸಲ ಬಿದ್ದಾರಿ," ಎಂದೆ ನಾನು. ನನಗೂ ಗೊತ್ತು ಎಂದು ತೋರಿಸುವ ಆತುರ ನೋಡಿ.

ಮಾವ ನನ್ನ ಕಡೆ ತಿರುಗಿದರು, ಆಮೇಲೆ ಅವಳ ಕಡೆ. ಅತ್ತೆ ಛಾವಣಿ ನೋಡುತ್ತಿದ್ದಳು.

ಪೈಲ್ವಾನರು ನಿಟ್ಟುಸಿರು ಬಿಟ್ಟರು. "ಎಲ್ಲಾರ ಮನ್ಯಾಗೂ ಇದೇ ತಕರಾರು. ಪೈಲೇ ಸಲ ಬಿದ್ದಾಗ ಏನೂ ಮುರಿಲಿಲ್ಲ ಅಂತ ಖುಷ್ ಆಗ್ತಾರ, ಇಲ್ಲಾಂದ್ರ ಮುಚ್ಚಿಡ್ತಾರ. ಅದೇ ಹುಷಾರ್ ಆಗೋ ವ್ಯಾಳ್ಯಾ. ವಯಸ್ಸಾದವರು ಒಮ್ಮೆ ಬಿದ್ರ ಮತ್ತ ಬೀಳ್ತಾರ. ಸಣ್ಣ ಪೆಟ್ಟಿಗಿ ಮಣಿಕಟ್ಟು ಮುರೀತಂದ್ರ ಎಲುಬು ಕಚ್ಚಾ ಆಗ್ಯಾದಂತ ತಿಳೀಬೇಕು. ಕೈ ಇದ್ರ ಕಟ್ತಿದ್ದೆ. ತೊಡಿ ಮ್ಯಾಲಿಂದು ನನ್ನ ಕೈಲಿ ಆಗಲ್ಲರಿ, ಸುಳ್ಳು ಹೇಳಲ್ಲ." ಎರಡೂ ಬದಿಗೆ ದಿಂಬು ಕೊಟ್ಟು ಅಲುಗದಂತೆ ಮಲಗಿಸಿ ಎಂದು ತೋರಿಸಿಕೊಟ್ಟರು.

ವಾಪಸ್ ಬರುವಾಗ ಗಾಡಿಯಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಮಾವ ಮುಂದೆ ಕೂತಿದ್ದರು. ನಾನು ಮೆಲ್ಲಗೆ ಕೇಳಿದೆ. "ಊರಿಗೆಲ್ಲ ಹೇಳೀರಿ. ನನಗ್ಯಾಕ ಹೇಳ್ಲಿಲ್ಲ?"

"ನಿನಗ ಹೇಳಿದ್ರ ಮಲಾರ ನಿನ್ನ ಹೆಗಲಿಗಿ ಬರ್ತಿತ್ತು."

"ಬಂದ್ರೇನಾಗ್ತಿತ್ರಿ?"

ನನ್ನ ಕೈ ಹಿಡಿದು ಕಣ್ಣ ಮುಂದೆ ತಂದುಕೊಂಡಳು. "ನಿನ್ನ ಬೆರಳು ನೋಡೀನಿ ನಾ. ಸಣ್ಣವು, ಉದ್ದನ್ನವು. ಸ್ವಲ್ಪ ದಿನ ಆದ್ರ ನನಗಿಂತ ಛಲೋ ಇಡಸ್ತಿ. ಆಮ್ಯಾಗ ನನ್ನ ಯಾರು ಕರೀತಾರ?"

ನನಗಿದ್ದ ಉರಿಯೇ ಅವಳಿಗೂ ಇತ್ತು! ಎಲುಬು ಮುರಿದ ಹೆಂಗಸಿನ ತಲೆ ತೊಡೆಯ ಮೇಲಿಟ್ಟುಕೊಂಡು ನಾನು ಒಳಗೊಳಗೇ ಹಿಗ್ಗಿದೆ. ಆ ನೋವಿನಲ್ಲೂ ಅವಳು ನನ್ನ ಬೆರಳುಗಳನ್ನೇ ನೋಡುತ್ತಿದ್ದಳು.

ಹಿಗ್ಗು ಬಹಳ ದಿನ ಉಳಿಯಲಿಲ್ಲ. ಅತ್ತೆ ಹಾಸಿಗೆ ಹಿಡಿದಳು, ಮಲಾರ ನನ್ನ ಹೆಗಲಿಗೆ ಬಂತು. ಆದರೆ ಭಾಲ್ಕಿಯ ಹೆಂಗಸರು ನನ್ನನ್ನು ಬಾಗಿಲಲ್ಲಿ ಮಾತಾಡಿಸಿ, ಬಳೆ ಆರಿಸಿ, ನಮ್ಮ ಮನೆಗೇ ಬಂದು ಅವಳ ಹಾಸಿಗೆಯ ಪಕ್ಕ ಕೂತು ಕೈ ಚಾಚುತ್ತಿದ್ದರು. ಮಲಗಿದಲ್ಲೇ ಅವಳು ಇಡಿಸುತ್ತಿದ್ದಳು! ಮತ್ತೆ ಪಿಸುಪಿಸು, ಮತ್ತೆ ನಗು. ನಾನು ಒಲೆಯ ಮುಂದೆ.

ಕೊನೆಗೆ ಒಂದು ಮಧ್ಯಾಹ್ನ ಅವಳಿಗೆ ಗಂಜಿ ಕುಡಿಸುತ್ತ ಸೋಲೊಪ್ಪಿ ಕೇಳಿದೆ. "ಅತ್ತಿ, ನಾ ಎಷ್ಟು ಕೇಳಿದ್ರೂ ಯಾರೂ ಕೈ ಕೊಡಲ್ಲ, ಏನೂ ಹೇಳಲ್ಲ. ನೀವು ಹ್ಯಾಂಗ ಕೇಳ್ತಿದ್ರಿ?"

"ನಾ ಯಾರಿಗೂ ಕೇಳಿಲ್ಲ." ಒಂದು ಗುಟುಕು ಕುಡಿದಳು. ಹೇಳಲೋ ಬೇಡವೋ ಎಂದು ಅವಳ ಮುಖದಲ್ಲಿ ಜಗಳ ನಡೆದಿತ್ತು. "ನಾ ಬಿದ್ದದ್ದು ಮೊದಲ ಹೇಳ್ತಿದ್ದೆ. ಹ್ಯಾಂಗ ಬಿದ್ದೆ, ಹ್ಯಾಂಗ ಮುಚ್ಚಿಟ್ಟೆ, ಎಲ್ಲ. ಮುಂದ ಕುಂತಾಕಿ ನಗ್ತಿದ್ಳು. ನಕ್ಕ ಮ್ಯಾಲ ತನ್ನದೂ ಹೇಳ್ತಿದ್ಳು, ಕೈ ತಾನೇ ಸಡಲಾಗ್ತಿತ್ತು." ಆಮೇಲೆ ಮುಖ ಸಿಂಡರಿಸಿದಳು. "ಗಂಜಿಗಿ ಉಪ್ಪು ಹಾಕಿಲ್ಲ ನೀ."

ಮುಂದಿನ ಸಂತೆಗೆ ನಾನೊಬ್ಬಳೇ ಔರಾದಿಗೆ ಹೋದೆ. ಆಯಿಯ ಮುಂದೆ ಕೂತು ಏನೂ ಕೇಳಲಿಲ್ಲ. ಡಾಬಕಾದಲ್ಲಿ ಮದುವೆಗೆ ಮುಂಚೆ ನಾನು ಎಮ್ಮೆಯ ಬಾಲ ಹಿಡಿದು ಕೆರೆ ಏರಿ ಹತ್ತುವಾಗ, ನನ್ನನ್ನು ನೋಡಲು ಬಂದಿದ್ದ ಬೇರೊಂದು ಗಂಡಿನ ಕಡೆಯವರ ಎದುರಿಗೇ ಕೆಸರಲ್ಲಿ ಮಕಾಡೆ ಬಿದ್ದದ್ದನ್ನು ಹೇಳಿದೆ. ನನ್ನ ಗಂಡನಿಗೂ ಅದನ್ನು ಹೇಳಿರಲಿಲ್ಲ. ಆಯಿ ಹಲ್ಲಿಲ್ಲದ ಬಾಯಿ ತೆರೆದು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆಮೇಲೆ ಸೆರಗಿನಿಂದ ಎಡಗೈ ಹೊರಗೆ ತೆಗೆದು ನನ್ನ ತೊಡೆಯ ಮೇಲಿಟ್ಟರು. ಮಣಿಕಟ್ಟು ಬಾತು ನೀಲಿಗಟ್ಟಿತ್ತು.

"ಗಾಣದ ಹಿಂದ ಬಿದ್ದೀನಿ ಪೋರಿ. ಇದು ಎರಡನೇದ್ದು. ನಮ್ಮ ಸೊಸಿಗಿ ಹೇಳಬ್ಯಾಡ, ಮೂಲ್ಯಾಗ ಕುಂದರಸ್ತಾಳ."

"ಮತ್ತ ಬಿದ್ರ ಏನಾಗ್ತದಂತ ನಿಮ್ಮ ಹೊಸ್ತಿಲಾಗೇ ನೋಡೀರಿ ಆಯಿ," ಎಂದೆ. "ನೀವೇ ಹೇಳ್ರಿ. ನಾ ಬಾಜೂಕ ಕೂಡ್ತೇನಿ."

ಬೈದರು, ಅತ್ತರು, ಕೊನೆಗೆ ಸೊಸೆಯನ್ನು ಕರೆದು ಹೇಳಿದರು. ಆ ಸೊಸೆ ಮೂಲೆಯಲ್ಲಿ ಕೂಡಿಸಲಿಲ್ಲ. ಹೊಸ್ತಿಲಿನ ಕಲ್ಲಿಗೆ ಉಳಿ ಹೊಡೆಸಿ ಒರಟು ಮಾಡಿಸಿದಳು, ಹಿಡಿದುಕೊಳ್ಳಲು ಗೋಡೆಗೆ ಗೂಟ ಬಡಿಸಿದಳು, ಗಾಣದ ಹಿಂದಿನ ಜಾಗಕ್ಕೆ ಬೂದಿ ಚೆಲ್ಲಿಸಿದಳು. ಆಯಿ ಇನ್ನೂ ಓಡಾಡಿಕೊಂಡಿದ್ದಾರೆ, ಇನ್ನೂ ನನ್ನನ್ನು ಬೈಯುತ್ತಾರೆ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಹೊಗಳುತ್ತಾಳೆ ಅಂದುಕೊಂಡಿದ್ದೆ.

"ಕೈ ಆಕಿನೇ ಕೊಟ್ಳೋ, ನೀ ಹಿಡ್ದಿಯೋ?"

"ಆಕಿನೇ ಕೊಟ್ಳರಿ."

"ಹೂಂ," ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು. ಆ ದಿನ ಊಟ ಬೇಡವೆಂದಳು. ನಾನು ಎರಡು ರೊಟ್ಟಿ ಹೆಚ್ಚು ತಿಂದೆ.

ಮಳೆಗಾಲ ಹಿಡಿಯುವ ಮುಂಚೆ ಅವಳು ಹೋದಳು. ಬೆನ್ನಿನ ಹುಣ್ಣು, ಆಮೇಲೆ ಜ್ವರ. ನಮ್ಮಲ್ಲಿ ಸತ್ತವರನ್ನು ಕೂಡಿಸಿ ಸಮಾಧಿ ಮಾಡುತ್ತಾರೆ. ತಿಂಗಳುಗಟ್ಟಲೆ ಕೂಡಲಾರದೆ ಮಲಗಿದ್ದವಳನ್ನು ನೆಟ್ಟಗೆ ಕೂಡಿಸಿ ವಿಭೂತಿ ಹಚ್ಚಿದರು. ಮುತ್ತೈದೆಯ ಕೈತುಂಬ ಹೊಸ ಬಳೆ ಇಡಬೇಕು. ಭಾಲ್ಕಿಯ ಮುದುಕಿಯರು ಸುತ್ತ ಕೂತು, "ನೀ ಸರಿ ಮಗಳೇ, ನಮ್ಮ ಗೆಳತಿ ಅದಾಳ, ನಾವು ಇಡ್ತೀವಿ" ಎಂದರು. ನಾನು ಸರಿಯಲಿಲ್ಲ. ಒಬ್ಬರ ಕೈಗೂ ಒಂದು ಬಳೆಯನ್ನೂ ಕೊಡಲಿಲ್ಲ.

ಈಗಲೂ ಯಾರಾದರೂ "ನಿಮ್ಮತ್ತಿ ಕೈ ಬ್ಯಾರೇನೇ ಇತ್ತು ಬಿಡು" ಎಂದರೆ ನನಗೆ ಉರಿಯುತ್ತದೆ. ಉರಿಯಲಿ. ನನ್ನ ಹೊಟ್ಟೆಗೆ ಅನ್ನ ಹಾಕುತ್ತಿರುವುದು ಆ ಕೈಯ ವಿದ್ಯೆಯೇ.

ಅತ್ತೆ ಬಿದ್ದದ್ದನ್ನು ಹೇಳಿದೆ. ಗಂಡ ಓದಿದರೂ ಓದಲಿ ಎಂದು ನಾನು ಕೆಸರಲ್ಲಿ ಬಿದ್ದದ್ದನ್ನೂ ಹೇಳಿದೆ. ಇನ್ನು ನಿಮ್ಮ ಸರದಿ. ನಿಮ್ಮ ಮನೆಯ ಹಿರಿಯರು ಎಲ್ಲಿ ಬಿದ್ದರು, ಅದನ್ನು ಯಾರಿಗೆ ಹೇಳಿದರು, ಯಾರಿಂದ ಮುಚ್ಚಿಟ್ಟರು? ಗೊತ್ತಿಲ್ಲವಾದರೆ ಇವತ್ತೇ ಅವರ ಪಕ್ಕ ಕೂತು ನೀವು ಬಿದ್ದದ್ದನ್ನು ಮೊದಲು ಹೇಳಿ. ಅವರು ಏನು ಹೇಳಿದರೆಂದು ನನಗೂ ಬರೆಯಿರಿ. ನಿಮ್ಮ ಮನೆಯಲ್ಲಿ ಅದು ಮೊದಲು ನಿಮಗೇ ಗೊತ್ತಾಗಿತ್ತಾದರೆ, ಅದನ್ನೂ ಬರೆಯಿರಿ. ನಾನು ಹೊಟ್ಟೆಕಿಚ್ಚು ಪಟ್ಟುಕೊಂಡೇ ಓದುತ್ತೇನೆ.