ಗಂಗಮ್ಮನ ಹೆಬ್ಬೆಟ್ಟು

ದೇವರ ಮುಂದೆ ಕಣ್ಣು ಮುಚ್ಚಿ ನಿಂತಾಗ ಮನುಷ್ಯನ ಅಂತಃಸಾಕ್ಷಿ ತಾನಾಗಿಯೇ ಎಚ್ಚರಗೊಳ್ಳುತ್ತದೆ. ನನ್ನದು ಮಾತ್ರ ಊದುಬತ್ತಿಯ ಬಿಸಿ ಬೂದಿ ಮುಂಗೈ ಮೇಲೆ ಬಿದ್ದಾಗ ಎಚ್ಚರಗೊಂಡಿತು. ಇವತ್ತು ಬೆಳಿಗ್ಗೆ ಚುರುಕ್ಕೆಂದ ಜಾಗ ಉಜ್ಜಿಕೊಳ್ಳುತ್ತಾ ನಿಂತವನಿಗೆ ಎದುರುಮನೆ ಗಂಗಮ್ಮನವರ ನಾಲ್ಕು ವರ್ಷದ ಹಿಂದಿನ ಅಕ್ಕಿಯ ಪ್ರಸಂಗ ನೆನಪಾಯಿತು.

ಉಪ್ಪಾರಹಳ್ಳಿಯ ನಮ್ಮ ಬೀದಿಯಲ್ಲಿ ಊದುಬತ್ತಿ ಹೊಸೆಯುವವರು ಗಂಗಮ್ಮ. ಇದ್ದಲ ಪುಡಿ, ಯಾವ ಕಾಡಿನದೋ ಮರದ ತೊಗಟೆ ಸುಲಿದು ಅರೆದ ಅಂಟುಪುಡಿ, ನೀರು ಕಲಸಿದ ಕಪ್ಪು ಮುದ್ದೆ. ಅದನ್ನು ಮಣೆಯ ಮೇಲೆ ಬಿದಿರುಕಡ್ಡಿಗೆ ಬೆರಳಲ್ಲಿ ಒತ್ತಿ ಹಚ್ಚಿ ಅಂಗೈಯಲ್ಲಿ ಒಮ್ಮೆ ಉರುಳಿಸಿದರೆ ಮುಗಿಯಿತು. ಕಣ್ಣು ನಮ್ಮ ಮೇಲೆ, ಮಾತು ಬೀದಿಯ ಮೇಲೆ. ಕಡ್ಡಿಗಳು ಮಾತ್ರ ಒಂದರ ಪಕ್ಕ ಒಂದು, ಕೂದಲೆಳೆಯ ವ್ಯತ್ಯಾಸವಿಲ್ಲದೆ. ನಾನು ದಂಗಾಗಿ ನೋಡುತ್ತಿದ್ದೆ.

“ಘಮಘಮ ಅನ್ನೋ ಮನೇಲಿದೀರಿ, ಪುಣ್ಯವಂತ್ರು,” ಅಂದಿದ್ದೆ ಒಮ್ಮೆ.

“ಸೆಂಟ್ ಹಾಕೋದು ಫ್ಯಾಕ್ಟ್ರೀಲಿ ಸಾರ್. ನಮ್ಮನೇಲಿರೋದು ಬರೀ ಇದ್ಲು, ಕೆಮ್ಮು.”

ಗುಬ್ಬಿಯ ನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷ ಜನರ ಹೆಬ್ಬೆಟ್ಟು ಹಿಡಿದು ಒತ್ತಿಸಿದ ಗುಮಾಸ್ತ ನಾನು. ಹೆಬ್ಬೆಟ್ಟಿನ ಶಾಸ್ತ್ರದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ನಂಬಿಕೆಯಿತ್ತು, ನನಗೊಬ್ಬನಿಗೇ ಇತ್ತು. ಹಾಗಾಗಿ ಒಂದು ತಿಂಗಳ ಕೊನೆಯಲ್ಲಿ ಗಂಗಮ್ಮ ಬಂದು, “ರೇಷನ್ ಅಂಗಡಿ ಮಿಷಿನ್ ನನ್ ಹೆಬ್ಬೆಟ್ ತಗೋತಿಲ್ಲ ಸಾರ್. ಎಡಗೈ ಉಂಗುರದ ಬೆಳ್ಳೊಂದೇ ಅಷ್ಟೋ ಇಷ್ಟೋ ತಗೊಳ್ಳೋದು. ನಾಳೆ ಕಡೇ ದಿನ, ಮನೇಲಿ ಅಕ್ಕಿ ಇಲ್ಲ,” ಅಂದಾಗ ತಕ್ಷಣ ತೀರ್ಪು ಕೊಟ್ಟೆ:

“ಅದು ಇದ್ದಲ ಮಸಿ ಕಣಮ್ಮ. ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ, ತಂಬಿಗೆ ಬೆಳಗಿದ ಹಾಗೆ ಚೆನ್ನಾಗಿ ಬೆಳಗಿ.”

ಬೆಳಗಿದರು. ಮರುದಿನ ತಂಬಿಗೆಯಂತೆಯೇ ಹೊಳೆಯುವ ಕೈ ಹಿಡಿದು ಬಂದರು. ಫಲಿತಾಂಶ ನೋಡಲು ನಾನೂ ಜೊತೆಗೆ ಹೋದೆ. ಮಿಷಿನ್ನು ಹತ್ತೂ ಬೆರಳನ್ನು ತಿರಸ್ಕರಿಸಿತು, ಉಂಗುರದ ಬೆರಳೂ ಸೇರಿ.

“ಯಾರಮ್ಮ ಈ ಐಡಿಯಾ ಕೊಟ್ಟ ಮಹಾನುಭಾವ?” ಅಂದ ಅಂಗಡಿಯವನು. “ಇದ್ದ ಒಂದ್ ಬೆಳ್ಳನ್ನೂ ಉಜ್ಜಿಸಿ ಹಾಕವ್ನಲ್ಲ!”

ಮಹಾನುಭಾವ ಹಿಂದೆ ನಿಂತು ದಾಸ್ತಾನಿನ ಬೋರ್ಡನ್ನು ಅಪಾರ ಶ್ರದ್ಧೆಯಿಂದ ಓದುತ್ತಿದ್ದ.

“ಯಾರೋ ತಿಳಿದೋರು ಹೇಳಿದ್ರಪ್ಪ,” ಅಂದರು ಗಂಗಮ್ಮ, ನನ್ನ ಕಡೆ ತಿರುಗದೆ.

ಆಮೇಲೆ ಕನ್ನಡಕ ಹಾಕಿಕೊಂಡು ಆ ಹೆಬ್ಬೆಟ್ಟನ್ನು ಬಿಸಿಲಿಗೆ ಹಿಡಿದು ನೋಡಿದೆ. ಮಸಿ ಹೋಗಿತ್ತು; ಕೆಳಗೆ ಗೆರೆಗಳೇ ಇರಲಿಲ್ಲ. ಹೊಳೆಗಲ್ಲಿನಂಥ ನುಣುಪು. ನೇಗಿಲು ಹಿಡಿದವರ, ಗಾರೆ ಮೆತ್ತಿದವರ ಹೆಬ್ಬೆಟ್ಟು ನೋಡಿದ್ದೇನೆ, ಇಂಥದ್ದನ್ನು ನೋಡಿರಲಿಲ್ಲ. ಹುಟ್ಟುವಾಗ ತಂದ, ಲೋಕದಲ್ಲಿ ಇನ್ನೊಬ್ಬರಿಗಿಲ್ಲದ ಗೆರೆಗಳು ಕಡ್ಡಿಗಳ ಮೇಲೆ ಸವೆದು ಮನೆಮನೆಗೆ ಹಂಚಿಹೋಗಿದ್ದವು. ದಿನಕ್ಕೆ ಎರಡರಂತೆ ನಾನೇ ಹಚ್ಚಿ, ಗಂಟೆ ಬಾರಿಸಿ, ದೇವರಿಗೆ ತೋರಿಸಿದ್ದೆ. ನೀವೂ ಹಚ್ಚಿರುತ್ತೀರಿ.

ಕುಣಿಗಲ್‌ಗೆ ಮದುವೆಯಾಗಿ ಹೋದ ಗಂಗಮ್ಮನವರ ಮಗಳ ಹೆಸರು ಅದೃಷ್ಟಕ್ಕೆ ಇನ್ನೂ ಕಾರ್ಡಿನಲ್ಲಿತ್ತು. ಫೋನ್ ಮಾಡಿದೆವು. ಮಧ್ಯಾಹ್ನದ ಬಸ್ಸಿಗೆ ಬಂದು ಬೆರಳೊತ್ತಿ ಅಕ್ಕಿ ಬಿಡಿಸಿದಳು.

“ಇನ್ಮೇಲೆ ನಮ್ಮನೇಲಿ ಊದುಬತ್ತಿ ಹಚ್ಚೋದಿಲ್ಲ ಗಂಗಮ್ಮನೋರೆ,” ಎಂದು ಸಂಜೆ ಘನಗಂಭೀರವಾಗಿ ಘೋಷಿಸಿದೆ.

“ನೀವು ಹಚ್ದಿದ್ರೆ ನಾನೇನ್ ಹೊಸೀಲಿ? ಸುಮ್ನೆ ಹಚ್ಚಿ ಸಾರ್.”

ಹಚ್ಚುತ್ತಿದ್ದೇನೆ. ಬೆಂಕಿಕಡ್ಡಿ ಗೀರುವ ಮೊದಲು ಊದುಬತ್ತಿಯನ್ನೊಮ್ಮೆ ಬೆಳಕಿಗೆ ಹಿಡಿದು ನೋಡುತ್ತೇನೆ, ಅಷ್ಟೆ.

ಕೆಲಸ ಬಿಟ್ಟರೆ ಗೆರೆ ಮತ್ತೆ ಮೂಡಬಹುದು ಎಂದಿದ್ದರು ಆಗ ಅವರ ಕೈ ನೋಡಿದ ಡಾಕ್ಟರು. ಗಂಗಮ್ಮ ಕೆಲಸ ಬಿಟ್ಟಿಲ್ಲ. ರೇಷನ್ನಿಗೆ ಈಗಲೂ ತಿಂಗಳು ತಿಂಗಳು ಕುಣಿಗಲ್‌ನಿಂದ ಮಗಳೇ ಬರುತ್ತಾಳೆ.